ಕನ್ನಡಕದಂಗಡಿಯವನ ಪ್ರೊಸೆಸರ್

ಇಡೀ ದಿನ ಬೇರೆಯವರ ಕೈಯಿಂದ ತೀರ್ಮಾನ ಮಾಡಿಸುವುದೇ ಅವನ ಕಸುಬು. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಪರೀಕ್ಷೆಯ ಚೌಕಟ್ಟು ಏರಿಸಿ, ಒಂದು ಗಾಜು ತೆಗೆದು ಇನ್ನೊಂದು ಇಟ್ಟು, "ಇದಾ, ಅದಾ?" ಎಂದು ಕೇಳುತ್ತಿದ್ದ. ಗಿರಾಕಿ ಎರಡೂ ಒಂದೇ ಥರ ಇದೆ ಎಂದು ರಾಗ ಎಳೆದರೆ ಪಿತ್ತ ನೆತ್ತಿಗೇರುತ್ತಿತ್ತು. ಕಣ್ಣು ನಿಮ್ಮದು, ಹೇಳಬೇಕಾದವರು ನೀವು, ಹೀಗೆ ಮೀನಮೇಷ ಎಣಿಸುತ್ತ ಕೂತರೆ ಕನ್ನಡಕ ತಾನಾಗಿ ನಡೆದು ಬಂದು ಮೂಗು ಹತ್ತುತ್ತದೆಯೇ ಎಂದು ಗದರುತ್ತಿದ್ದ. ಅಂಥ ಮಹಾನುಭಾವ ತನ್ನ ಕಂಪ್ಯೂಟರಿಗೆ ಒಂದು ಹೊಸ ಪ್ರೊಸೆಸರ್ ಆರಿಸಲು ಹೊರಟು, ಬೇಸಿಗೆ ಕಳೆದು ಮಳೆ ಬಂದು ಮಳೆಯೂ ನಿಂತರೂ ಎಲ್ಲಿದ್ದನೋ ಅಲ್ಲೇ ಇದ್ದ.

ಅಂಗಡಿಯ ಮೇಲಿನ ಮಹಡಿಯೇ ಮನೆ. ಮುಂದಿನ ಕೋಣೆಯಲ್ಲಿ ಅಕ್ಕಪಕ್ಕ ಎರಡು ಮೇಜು. ಒಂದರ ಮೇಲೆ ಅವನ ಕಂಪ್ಯೂಟರ್. ಹೊಟ್ಟೆಯೊಳಗೆ ಕೆಂಪು, ಹಸಿರು, ನೀಲಿ ದೀಪ ಹತ್ತಿಸಿಕೊಂಡು ಸದಾ ಗುರುಗುಡುವಂಥದ್ದು. ಇನ್ನೊಂದರ ಮೇಲೆ ಮಗಳದ್ದು. ಅಂದರೆ ಇವನು ಆಡಿ ಆಡಿ ಹಳತು ಮಾಡಿ, ದಾನಶೂರನ ಗತ್ತಿನಲ್ಲಿ ಅವಳಿಗೆ ದಾಟಿಸಿದ್ದು. ಅಂಗಡಿಯ ಬಾಗಿಲು ಎಳೆದ ಮೇಲೆ ಅಪ್ಪ ಮಗಳು ಅಲ್ಲಿ ಕೂತು ಜೋಡಿಯಾಗಿ ಆಡುತ್ತಿದ್ದರು. ಪಾಳುಬಿದ್ದ ಪಟ್ಟಣವೊಂದರಲ್ಲಿ ಅಡಗಿ, ಎದುರಾಳಿ ಜೋಡಿಗಳನ್ನು ಹುಡುಕಿ ಗುಂಡು ಹಾರಿಸುವ ಆಟ ಅದು. ಮಗಳು ಅವನ ತೊಡೆಯ ಮೇಲೆ ಕೂರುವಷ್ಟು ಪುಟ್ಟವಳಿದ್ದಾಗ ಕಲಿಸಿದ್ದ. ಆಟದಲ್ಲಿ ಅವನ ಹೆಸರು ಹದ್ದು, ಅವಳದ್ದು ಹದ್ದಿನಮರಿ. ಈಗ ಮರಿಗೆ ಹದಿನೇಳು ತುಂಬಿತ್ತು. ಹದ್ದಿಗೆ ಎಷ್ಟು ತುಂಬಿತ್ತು ಎಂದು ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ.

ಒಂದು ವರ್ಷದಿಂದ ಹದ್ದಿಗೆ ಗ್ರಹಚಾರ ನೆಟ್ಟಗಿರಲಿಲ್ಲ. ಎಲ್ಲಿಂದಲೋ ಗುಂಡು ಬರುತ್ತಿತ್ತು, ಇವನು ಬೀಳುತ್ತಿದ್ದ. ಕಿಟಕಿಯಲ್ಲಿ ಕೂತ ವೈರಿ ಕಣ್ಣಿಗೆ ಬೀಳುವ ಹೊತ್ತಿಗೆ ಕಥೆ ಮುಗಿದಿರುತ್ತಿತ್ತು. ಇದಕ್ಕೆ ಅವನು ಎರಡು ಕಾರಣ ಕಂಡುಹಿಡಿದಿದ್ದ. ಒಂದು, ಹಳೆಯ ಪ್ರೊಸೆಸರ್. ಅದು ವೈರಿಯನ್ನು ತೋರಿಸುವುದು ತಡವಾಗಿ. ಇನ್ನೊಂದು, ಮಗಳು. ಇವನು ಇನ್ನೇನು ಬಂದೂಕು ಎತ್ತಬೇಕು, ಅಷ್ಟರಲ್ಲಿ ನೀಲಿ ಟೋಪಿ ಹಾಕಿಕೊಂಡ ಅವಳ ಬೊಂಬೆ ಮುಂದೆ ಬಂದು ನಿಲ್ಲುತ್ತಿತ್ತು. "ಅಡ್ಡ ಬರಬೇಡ ಅಂತ ಎಷ್ಟು ಸಲ ಹೇಳ್ಲಿ ನಿನಗೆ?" ಎಂದು ದಿನಾ ಸಂಜೆ ಬೈಯುತ್ತಿದ್ದ. ಅವಳು ಮುಂದಿನ ಆಟ ಶುರು ಮಾಡುತ್ತಿದ್ದಳು.

ವರ್ಷಕ್ಕೊಮ್ಮೆ ಜೋಡಿಗಳ ಪಂದ್ಯ ನಡೆಯುತ್ತಿತ್ತು. ಹಿಂದೆ ಎರಡು ಸಲ ಅಪ್ಪ ಮಗಳು ಕೊನೆಯ ಸುತ್ತಿನವರೆಗೂ ಹೋಗಿದ್ದರು. ಅದರ ಕಥೆ ಅಂಗಡಿಗೆ ಬಂದ ಪ್ರತಿ ಗಿರಾಕಿಗೂ, ಗಾಜು ಬದಲಾಯಿಸುವಷ್ಟು ಹೊತ್ತು, ಬಿಟ್ಟಿಯಾಗಿ ಸಿಗುತ್ತಿತ್ತು. ಈ ವರ್ಷದ ಪಂದ್ಯಕ್ಕೆ ಇನ್ನೂ ತಿಂಗಳುಗಳಿದ್ದಾಗ, ಬೇಸಿಗೆಯಲ್ಲಿ, ಅವನು ಮೆಟ್ಟಿಲು ಹತ್ತುತ್ತ ಮಗಳು ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡ. ತರಗತಿಯ ಗೆಳತಿಯೊಬ್ಬಳು, ಗುರಿಯಲ್ಲಿ ಭಾರೀ ಚುರುಕು, ತನ್ನ ಜೋಡಿಯಾಗು ಎಂದು ಕರೆಯುತ್ತಿದ್ದಳು. ಮಗಳು, ತಡಿ, ಅಪ್ಪನ ಪ್ರೊಸೆಸರ್ ಬರಲಿ, ಆಮೇಲೆ ನೋಡೋಣ ಎಂದಳು. ಅವನು ಮೆಟ್ಟಿಲಲ್ಲೇ ನಿಂತುಬಿಟ್ಟ. ಆಮೇಲೆ ನೋಡೋಣ ಎಂದರೇನು ಅರ್ಥ? ಅಂಗಡಿಯಲ್ಲಿ ಅವನು ಬರೀ ಕನ್ನಡಕದವನು. ಹದ್ದಾಗಿದ್ದದ್ದು ಆ ಒಂದು ಕುರ್ಚಿಯಲ್ಲಿ ಮಾತ್ರ. ಅದೂ ಹೋದರೆ ಉಳಿಯುವುದೇನು ಎಂದು ನಿಜವಾಗಿ ಹೆದರಿದ.

ಅಲ್ಲಿಂದ ಶುರುವಾಯಿತು ನೋಡಿ ಪ್ರೊಸೆಸರ್ ಯಾಗ. ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ಮೊಬೈಲಿನಲ್ಲಿ ಪಂಡಿತರ ವೀಡಿಯೊ. ಒಬ್ಬ ಪಂಡಿತ ಇದಕ್ಕಿಂತ ಒಳ್ಳೆಯದು ಭೂಮಿಯ ಮೇಲಿಲ್ಲ ಎಂದು ಆಣೆ ಮಾಡಿದರೆ, ಇನ್ನೊಬ್ಬ ಅದನ್ನು ಕೊಂಡವನಿಗೆ ತಲೆ ಸರಿಯಿಲ್ಲ ಎಂದು ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದ. ಮೂರನೆಯವನೊಬ್ಬ, ಆರು ತಿಂಗಳು ಕಾಯಿರಿ, ಇವೆರಡನ್ನೂ ನಿವಾಳಿಸಿ ಎಸೆಯುವಂಥದ್ದು ಬರುತ್ತದೆ ಎಂದು ಹೊಟ್ಟೆಗೆ ಬೆಂಕಿ ಇಡುತ್ತಿದ್ದ. ಸೋಸಿ ಸೋಸಿ ಕೊನೆಗೆ ಎರಡು ಉಳಿದವು. ಎರಡಕ್ಕೂ ಅಂಕಿಗಳು ಒಂದೇ. ಬಾಲದ ಅಕ್ಷರ ಮಾತ್ರ ಬೇರೆ. ಒಂದಕ್ಕೆ ಕೆ, ಇನ್ನೊಂದಕ್ಕೆ ಎಕ್ಸ್. ಕೆ ಬಲು ಜೋರು, ಆದರೆ ಒಲೆಯ ಹಾಗೆ ಕಾಯುತ್ತದಂತೆ. ಎಕ್ಸ್ ತಣ್ಣಗಿದ್ದು, ಆಟಕ್ಕೆಂದೇ ಹುಟ್ಟಿದ್ದಂತೆ. ಬೆಳಿಗ್ಗೆ ಹಲ್ಲುಜ್ಜುವಾಗ ಕೆ, ಊಟಕ್ಕೆ ಕೂತಾಗ ಎಕ್ಸ್. ಆ ಒಂದೇ ಒಂದು ಅಕ್ಷರಕ್ಕಾಗಿ ಅವನು ಮನೆಮಂದಿಯ ತಲೆ ತಿಂದದ್ದು ಅಷ್ಟಿಷ್ಟಲ್ಲ.

ಹೆಂಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಕೊರೆದು, ಅಂಚು ಉಜ್ಜಿ, ಚೌಕಟ್ಟಿಗೆ ಕೂರಿಸುವವಳು. ಉಜ್ಜುವ ಚಕ್ರದ ಸದ್ದಿನಲ್ಲಿ ಮಾತಾಡುವುದು ವ್ಯರ್ಥ ಎಂದು ಮದುವೆಯಾದ ಹೊಸದರಲ್ಲೇ ಅರಿತುಕೊಂಡಿದ್ದಳು. ಒಂದು ದಿನ ಮಾತ್ರ ಚಕ್ರ ನಿಲ್ಲಿಸಿ, ಮಗಳ ಕಂಪ್ಯೂಟರು ನಿಮ್ಮದಕ್ಕಿಂತ ಹಳೆಯದಲ್ಲವೇ, ಅವಳಿಗೆ ಕಾಣುವುದು ನಿಮಗೇಕೆ ಕಾಣುವುದಿಲ್ಲ ಎಂದು ಕೇಳಿದಳು. ಅವನು ಅಯ್ಯೋ ಪಾಪ ಎಂಬಂತೆ ನಕ್ಕ. ಸೀಸೆಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ಕತ್ತು ಸಣ್ಣದಾದರೆ ನೀರು ಹೇಗೆ ನಿಧಾನವಾಗಿ ಬೀಳುತ್ತದೆ, ತನ್ನ ಕಂಪ್ಯೂಟರಿನಲ್ಲಿ ಪ್ರೊಸೆಸರೇ ಹೇಗೆ ಆ ಕತ್ತು ಎಂಬುದನ್ನು ಕೈ ಸನ್ನೆ ಸಮೇತ ವಿವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡು ಚಕ್ರ ಮತ್ತೆ ಶುರು ಮಾಡಿದಳು.

ಕಣ್ಣಿನ ವಿಷಯದಲ್ಲಿ ಅವನಿಗೆ ಪಾಠ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ನಲವತ್ತು ದಾಟಿದ ಗಿರಾಕಿಯೊಬ್ಬ ಪೇಪರನ್ನು ದೂರ ದೂರ ಹಿಡಿದು ತಿಣುಕಿದರೆ, ಇವನ ಮಾಮೂಲಿ ಜೋಕು ಸಿದ್ಧ: "ಕೈ ಸಾಲ್ತಿಲ್ವಾ ಸಾರ್? ಕೈ ಉದ್ದ ಮಾಡೋಕೆ ನಮ್ಮಲ್ಲಾಗಲ್ಲ. ಚಾಳೀಸು ಮಾಡ್ಕೊಡ್ತೀವಿ." ಕೆ ಅಕ್ಷರವನ್ನು ಎಕ್ಸ್ ಎಂದು ಓದುವವರನ್ನು ಕಂಡರಂತೂ ಅವನಿಗೆ ಮರುಕ. ವರ್ಷಗಟ್ಟಲೆ ಅರೆಗುರುಡರಾಗಿ ಓಡಾಡುತ್ತಾರೆ, ಒಪ್ಪಿಕೊಳ್ಳಲು ಮಾತ್ರ ಜಂಬ ಅಡ್ಡ ಬರುತ್ತದೆ ಎಂದು ಹೆಂಡತಿಯೆದುರು ಲೊಚಗುಟ್ಟುತ್ತಿದ್ದ. ಅವನ ಸ್ವಂತ ಮೂಗು ಬರಿದಾಗಿತ್ತು. ಹದ್ದಿನ ಕಣ್ಣು ಎಂದು ಮೀಸೆ ತಿರುವುತ್ತಿದ್ದ. ಮೊಬೈಲಿನ ಅಕ್ಷರಗಳನ್ನು ಪರದೆಗೆ ನಾಲ್ಕೇ ಪದ ಹಿಡಿಯುವಷ್ಟು ಹಿಗ್ಗಿಸಿಕೊಂಡಿದ್ದು ಅವನ ಪ್ರಕಾರ ಒಂದು ಅಭ್ಯಾಸ ಅಷ್ಟೇ. ಮೇಜಿನ ದೀಪವನ್ನು ಎರಡು ಸಲ ಬದಲಾಯಿಸಿದ್ದು ದೀಪದ ತಪ್ಪು. ಔಷಧಿ ಡಬ್ಬಿಗಳ ಮೇಲೆ ಅಕ್ಷರ ಸಣ್ಣಗಾಗುತ್ತ ಹೋದದ್ದು ಕಂಪನಿಗಳ ಜಿಪುಣತನ.

ಪಂದ್ಯಕ್ಕೆ ಹೆಸರು ಕೊಡಲು ಕೊನೆಯ ದಿನ ಬಂದೇ ಬಂತು. ಇನ್ನು ತಡೆಯಲಾಗದೆ ಅವನು ಎಕ್ಸ್ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕಂಪ್ಯೂಟರ್ ಅಂಗಡಿಗೆ ನಡೆದ. ಆ ಅಂಗಡಿಯವನಿಗೆ ಇವನ ಮುಖ ನೋಡಿದರೇ ತಲೆ ಚಿಟ್ಟು ಹಿಡಿಯುವಂತಾಗಿತ್ತು. ಇವನು ಎಕ್ಸ್ ಎಂದು ಬಾಯಿಬಿಟ್ಟರೂ ಅವನು ನಂಬಲಿಲ್ಲ. ಎಷ್ಟೋ ಸಲ ಹೀಗೇ ಹೇಳಿ ಗಲ್ಲಾ ಹತ್ತಿರ ಬರುವಷ್ಟರಲ್ಲಿ ಕೆ ಎಂದಿದ್ದ. ಹಾಗಾಗಿ ಎರಡೂ ಡಬ್ಬಿ ತಂದು ಗಾಜಿನ ಮೇಜಿನ ಮೇಲೆ ಇಟ್ಟು, "ಇದಾ, ಅದಾ?" ಎಂದು ಬೇಸತ್ತ ದನಿಯಲ್ಲಿ ಕೇಳಿದ. ತನ್ನ ಮಾತು ತನಗೇ ವಾಪಸು ಬಂದದ್ದು ಇವನಿಗೆ ಹಿಡಿಸಲಿಲ್ಲ. ಆದರೆ ಹದ್ದಿಗೆ ಎಕ್ಸ್ ಗುರುತಿಸಲು ಎಷ್ಟು ಹೊತ್ತು? ಒಂದೇ ನೋಟದಲ್ಲಿ ಡಬ್ಬಿ ಎತ್ತಿಕೊಂಡ. ಅಂಗಡಿಯವನು ಡಬ್ಬಿ ನೋಡಿದ, ಇವನ ಮುಖ ನೋಡಿದ, ಮತ್ತೆ ಮನಸ್ಸು ಬದಲಾಯಿಸಿದ್ದಾನೆ ಎಂದುಕೊಂಡು, ಇನ್ನೊಂದು ಮಾತಾಡಿದರೆ ಎಲ್ಲಿ ಪುನಃ ಶುರುವಾಗುತ್ತದೋ ಎಂದು ಹೆದರಿ ಬೇಗಬೇಗ ಕಟ್ಟಿಕೊಟ್ಟ.

ಸಂಜೆ ಅವನೇ ಕೂತು, ಗಾಜು ಕೂರಿಸುವ ನಾಜೂಕಿನಲ್ಲಿ ಹೊಸ ಪ್ರೊಸೆಸರನ್ನು ಕೂರಿಸಿದ. ಕಂಪ್ಯೂಟರ್ ಚಿಟಿಕೆ ಹೊಡೆಯುವುದರೊಳಗೆ ಎದ್ದು ಕೂತಿತು. ಅವನ ಮುಖ ಊರಗಲವಾಯಿತು. ಮಗಳೂ ಪಕ್ಕದ ಕುರ್ಚಿ ಎಳೆದುಕೊಂಡಳು. ಆಟ ಶುರುವಾಯಿತು. ಪಾಳು ಪಟ್ಟಣದ ಮೊದಲ ಬೀದಿ ತಿರುಗಿದ್ದೇ ತಡ, ಎಲ್ಲಿಂದಲೋ ಗುಂಡು ಬಂತು, ಹದ್ದು ಬಿತ್ತು. ಇನ್ನೊಂದು ಸಲ ಆಡಿದರು. ಇನ್ನೊಂದು ಸಲವೂ ಬಿತ್ತು. ಅವನು ಇಂಗು ತಿಂದ ಮಂಗನ ಹಾಗೆ ಪರದೆ ನೋಡಿದ. ಎಲ್ಲೋ ಏನೋ ಹೊಂದಿಸಬೇಕೇನೋ, ಡಬ್ಬಿಯ ಮೇಲೆ ಬರೆದಿರುತ್ತಾರೆ ಎಂದು ಗೊಣಗಿಕೊಂಡು ಡಬ್ಬಿ ಕೈಗೆತ್ತಿಕೊಂಡ. ದೀಪದ ಕೆಳಗೆ ಹಿಡಿದ. ಸ್ವಲ್ಪ ದೂರ ಹಿಡಿದ. ಇನ್ನೂ ದೂರ ಹಿಡಿದು, ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಹುಬ್ಬು ಗಂಟಿಕ್ಕಿದ.

"ಅಪ್ಪಾ, ಕೈ ಸಾಲ್ತಿಲ್ವಾ?" ಎಂದಳು ಮಗಳು, ಮೆಲ್ಲಗೆ.

ಅವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಬಾಗಿಲಲ್ಲಿದ್ದ ಹೆಂಡತಿ ಒಳಗೆ ಬಂದು, ಆ ಬಾಲದ ಅಕ್ಷರ ಯಾವುದು ಓದಿ ನೋಡೋಣ ಎಂದಳು. ಎಕ್ಸ್ ಎಂದ, ಇದೆಂಥ ಪ್ರಶ್ನೆ ಎಂಬ ಗತ್ತಿನಲ್ಲಿ. ಮಗಳು ತಲೆ ತಗ್ಗಿಸಿ, ಅದು ಕೆ ಎಂದಳು. ತಿಂಗಳುಗಟ್ಟಲೆ ಒಂದು ಅಕ್ಷರಕ್ಕಾಗಿ ಒದ್ದಾಡಿದವನಿಗೆ ಆ ಅಕ್ಷರವೇ ಕಂಡಿರಲಿಲ್ಲ. ಕೋಣೆಯಲ್ಲಿ ಕೆ ಮಾತ್ರ ತನ್ನಷ್ಟಕ್ಕೆ ಬಿಸಿಯಾಗುತ್ತ ಗುರುಗುಡುತ್ತಿತ್ತು.

ಹೆಂಡತಿ ಕೆಳಗೆ ಹೋಗಿ ತನ್ನ ಮೇಜಿನ ಡ್ರಾಯರಿನಿಂದ ಎರಡು ಕನ್ನಡಕ ತಂದಳು. ಅವನ ಮೂಗಿಗೆ ಒಂದನ್ನು ಏರಿಸಿದಳು, ತೆಗೆದು ಇನ್ನೊಂದನ್ನು ಏರಿಸಿದಳು. ನಂಬರು ಅಂದಾಜಿನದು, ಅದಕ್ಕೇ ಎರಡು ಮಾಡಿಟ್ಟಿದ್ದೆ ಎಂದಳು. ಯಾವಾಗ ಮಾಡಿದ್ದು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ; ಕೇಳದೆಯೇ ಅವಳು ಹೇಳಿದಳು, ಸೀಸೆಯ ಕತ್ತಿನ ಪಾಠ ಆದ ಮಾರನೆಯ ದಿನ.

"ಇದಾ, ಅದಾ?"

"ಅದು," ಎಂದ. ಅಷ್ಟು ತಿಂಗಳಲ್ಲಿ ಅವನು ತಡಮಾಡದೆ ಕೊಟ್ಟ ಉತ್ತರ ಅದೊಂದೇ.

ಹೆಂಗಸರಿಬ್ಬರೂ ಊಟಕ್ಕೆ ಎದ್ದುಹೋದ ಮೇಲೆ ಅವನು ಒಬ್ಬನೇ ಕೂತ. ಹಿಂದೆ ಆಡಿದ ಆಟಗಳನ್ನು ಕಂಪ್ಯೂಟರ್ ತಾನಾಗಿ ಉಳಿಸಿಟ್ಟುಕೊಂಡಿರುತ್ತಿತ್ತು. ಕನ್ನಡಕ ಪರೀಕ್ಷಿಸಿದ ಹಾಗೂ ಆಯಿತು ಎಂದು ಒಂದನ್ನು ಹಾಕಿದ. ಅಯ್ಯೋ, ಕಿಟಕಿಯಲ್ಲಿ ವೈರಿ ಇದ್ದ. ಆಗಲೂ ಇದ್ದ, ಎಲ್ಲರೂ ನೋಡುವ ಹಾಗೆ ಇದ್ದ. ಪ್ರೊಸೆಸರ್ ಪಾಪ ಹೊತ್ತಿಗೆ ಸರಿಯಾಗಿಯೇ ತೋರಿಸಿತ್ತು. ಕಿಟಕಿಯವನು ಬಂದೂಕು ತಿರುಗಿಸುತ್ತಿದ್ದ ಹಾಗೆ ನೀಲಿ ಟೋಪಿಯ ಬೊಂಬೆ ಓಡಿಬಂದು ಹದ್ದಿನ ಮುಂದೆ ನಿಂತಿತು, ಹದ್ದಿನ ಪಾಲಿನ ಗುಂಡು ತಾನು ತಿಂದಿತು. ಇನ್ನೊಂದು ಆಟ ಹಾಕಿದ. ಅಲ್ಲಿಯೂ ಹಾಗೇ. ಇನ್ನೊಂದರಲ್ಲೂ ಹಾಗೇ. ಎಲ್ಲ ಕಡೆಯೂ ಅವನದೇ ದನಿ ದಾಖಲಾಗಿತ್ತು: ಅಡ್ಡ ಬರಬೇಡ, ಅಡ್ಡ ಬರಬೇಡ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಅಂಗಿಯಲ್ಲಿ ಕನ್ನಡಕ ಒರೆಸುವ ಗಿರಾಕಿಗಳಿಗೆ ಅವನು ಛೀಮಾರಿ ಹಾಕುತ್ತಿದ್ದ. ಈಗ ಅದು ನೆನಪಿಗೆ ಬರಲಿಲ್ಲ.

ಮಗಳು ಬಂದು ಪಕ್ಕದಲ್ಲಿ ನಿಂತಳು. ಪರದೆಯ ಮೇಲೆ ಏನು ಓಡುತ್ತಿದೆ ಎಂದು ನೋಡಿದಳು.

"ಯಾಕೆ ಹೇಳ್ಲಿಲ್ಲ?" ಎಂದ.

"ಹೇಳಿದ್ರೆ ಆಟಾನೇ ಬಿಟ್ಬಿಡ್ತಿದ್ದೆ. ಕನ್ನಡಕ ಹಾಕ್ಕೊಳ್ಳೋದಕ್ಕಿಂತ ಅದು ನಿನಗೆ ಸುಲಭ."

ಹೌದು ಎಂದು ಅವನಿಗೂ ಗೊತ್ತಿತ್ತು. ನಾಚಿಕೆಯಾಯಿತು. ಇನ್ನೂ ಹೊತ್ತು ಮೀರಿಲ್ಲ, ಗೆಳತಿಯ ಜೊತೆ ಹೆಸರು ಕೊಡು, ಅವಳ ಕಣ್ಣು ಚೆನ್ನಾಗಿದೆ ಎಂದ.

"ಹೆಸರು ಬೆಳಿಗ್ಗೇನೇ ಕೊಟ್ಟಾಯ್ತು," ಎಂದಳು ಅವಳು. "ಹದ್ದು, ಹದ್ದಿನಮರಿ."

ಪಂದ್ಯದ ದಿನ ಅವನು ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಕೂತ. ಅಂಗಡಿಗೆ ಅಂದು ರಜೆ ಎಂದು ಹೆಂಡತಿಯೂ ಬಂದು ಹಿಂದೆ ನಿಂತಿದ್ದಳು. ಹೇಗೋ ಏದುಸಿರು ಬಿಡುತ್ತ ಎರಡು ಸುತ್ತು ದಾಟಿದರು. ಮೂರನೆಯ ಸುತ್ತಿನಲ್ಲಿ ಮಗಳ ಬೊಂಬೆ ಚೌಕ ದಾಟುತ್ತಿದ್ದಾಗ, ಎದುರಿನ ಮಹಡಿಯ ಕಿಟಕಿಯಲ್ಲಿದ್ದವನು ಅವನಿಗೆ ಸ್ಪಷ್ಟವಾಗಿ ಕಂಡ. ಬಂದೂಕಿನ ತುದಿ ಯಾವ ಕಡೆ ತಿರುಗುತ್ತಿದೆ ಎಂಬುದೂ ಕಂಡಿತು. ಗುರಿಯಿಟ್ಟು ಹೊಡೆಯುವಷ್ಟು ಸಮಯವಿರಲಿಲ್ಲ. ಓಡಿಹೋಗಿ ನೀಲಿ ಟೋಪಿಯ ಮುಂದೆ ನಿಂತ. ಹೊಸ ಪ್ರೊಸೆಸರ್ ಒಂದಿಷ್ಟೂ ತಡವರಿಸದೆ ಹದ್ದು ನೆಲಕ್ಕೆ ಬಿದ್ದದ್ದನ್ನು ಬಹಳ ಚೆನ್ನಾಗಿ ತೋರಿಸಿತು.

"ಅಪ್ಪಾ," ಎಂದಳು ಮಗಳು, ಪರದೆಯಿಂದ ಕಣ್ಣು ಕೀಳದೆ, "ಅಡ್ಡ ಬರಬೇಡ ಅಂತ ಎಷ್ಟು ಸಲ ಹೇಳ್ಲಿ ನಿನಗೆ?"