ಮೀಸೆಯಿಲ್ಲದ ಕಮಾಂಡರ್

ಅರುವತ್ತೆರಡು ವರ್ಷದ ನನ್ನ ಬಾಳಿನಲ್ಲಿ ಪ್ರತಿಭಟನಾ ಪತ್ರವೊಂದಕ್ಕೆ ಮೊದಲ ಸಲ ಸಹಿ ಹಾಕಿದ್ದು ಕಳೆದ ಮಳೆಗಾಲದಲ್ಲಿ. ಅದಕ್ಕೂ ಮುಂಚೆ ಅವಕಾಶಗಳು ಬಂದಿರಲಿಲ್ಲ ಎಂದಲ್ಲ. ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ವಾರಗಟ್ಟಲೆ ನೀರು ಸರಿಯಾಗಿ ಬಾರದಿದ್ದಾಗ ಮೂರನೇ ಮಾಳಿಗೆಯವರು ಕಾಗದ ಹಿಡಿದು ಬಾಗಿಲಿಗೆ ಬಂದಿದ್ದರು. ನಾನು ಕನ್ನಡಕ ಸಿಗುತ್ತಿಲ್ಲವೆಂದು ಜಾರಿಕೊಂಡಿದ್ದೆ. ಈ ಸಲ ಮಾತ್ರ ಕನ್ನಡಕವಿಲ್ಲದೆಯೇ ಮೊಬೈಲಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಗೀಚಿದೆ. ನಮ್ಮ ಬೇಡಿಕೆ ಒಂದೇ ಆಗಿತ್ತು: ಆಕಾಶನೌಕೆಯ ಕಮಾಂಡರನನ್ನು ಬದಲಾಯಿಸಬಾರದು.

"ಸಹಿ ಹಾಕುಕೆ ನಿಮ್ಗೆ ಬೇರೆ ಎಂತದೂ ಸಿಕ್ಲಿಲ್ಯಾ?" ಎಂದು ನನ್ನ ಹೆಂಡತಿ ಸುಮತಿ ಕೇಳಿದಳು. ಅವಳು ಕುಂದಾಪುರದವಳು, ಸುತ್ತು ಬಳಸಿ ಮಾತಾಡುವ ಅಭ್ಯಾಸವಿಲ್ಲ.

ಧಾರಾವಾಹಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಹಳೆಯ ಕಮಾಂಡರನ ಪಕ್ಷದವರೂ ಹೊಸಬನ ಪಕ್ಷದವರೂ ನನ್ನ ಹೋಟೆಲಿಗೇ ಜಗಳಕ್ಕೆ ಬಂದಾರು. ಇಷ್ಟು ತಿಳಿದರೆ ಸಾಕು: ಅದು ಹಿಂದಿಯದು, ಗೋರೆಗಾಂವದ ಸ್ಟುಡಿಯೋದಲ್ಲಿ ತಯಾರಾಗುವಂಥದ್ದು, ಪ್ರತಿ ಭಾನುವಾರ ಸಂಜೆ ಆರಕ್ಕೆ ಹತ್ತೊಂಬತ್ತು ವರ್ಷಗಳಿಂದ ಬರುತ್ತಿರುವಂಥದ್ದು. ಅದರಲ್ಲಿನ ಗ್ರಹಗಳೆಲ್ಲ ಥರ್ಮೊಕೋಲಿನವು. ಅನ್ಯಗ್ರಹದ ರಾಜನೊಬ್ಬನ ಸಿಂಹಾಸನದ ಹಿಂದೆ ಒಮ್ಮೆ ಸೀಲಿಂಗ್ ಫ್ಯಾನಿನ ನೆರಳು ತಿರುಗಿದ್ದನ್ನು ನಾವೆಲ್ಲ ಕಂಡಿದ್ದೇವೆ, ಕಂಡೂ ಕ್ಷಮಿಸಿದ್ದೇವೆ. ಕಮಾಂಡರ್ ಇದ್ದನಲ್ಲ, ಸಾಕು. ನೆರೆತ ದಪ್ಪ ಮೀಸೆ, ಅವಸರವಿಲ್ಲದ ದನಿ. ನೌಕೆಗೆ ಬೆಂಕಿ ಬಿದ್ದರೂ ಆತ ಮೊದಲು ಮೀಸೆ ಸವರಿ ಆಮೇಲೆ ಅಪ್ಪಣೆ ಕೊಡುತ್ತಿದ್ದ.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ ನನ್ನದೊಂದು ಇಡ್ಲಿ-ದೋಸೆಯ ಹೋಟೆಲಿದೆ. ಅಪ್ಪ ಹಾಕಿದ್ದು, ನಾನು ಗಲ್ಲಾದಲ್ಲಿ ಕುಳಿತು ಮೂವತ್ತನಾಲ್ಕು ವರ್ಷವಾಯಿತು. ಗೋಡೆಯ ಟಿವಿಯಲ್ಲಿ ಭಾನುವಾರ ಆರಕ್ಕೆ ಈ ಧಾರಾವಾಹಿ ಹಾಕುವುದು ನಮ್ಮಲ್ಲಿ ದೇವರಿಗೆ ದೀಪ ಹಚ್ಚಿದಷ್ಟೇ ಖಾಯಂ. ಇದಕ್ಕೆಂದೇ ಕಾಂದಿವಲಿಯಿಂದ ಲೋಕಲ್ ರೈಲು ಹಿಡಿದು ಬರುವವರು ಪಾಟೀಲರು. ವಿಜಯಪುರದ ಕಡೆಯವರು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸೂಪರ್‌ವೈಸರ್. ನಾಲ್ಕನೇ ಟೇಬಲ್ಲಿನಲ್ಲಿ ಟಿವಿಗೆ ಮುಖ ಮಾಡಿ ಕುಳಿತರೆ ಜಾಹೀರಾತು ಬಂದಾಗಷ್ಟೇ ಉಸಿರು ಬಿಡುವ ಮನುಷ್ಯ.

ಅಂಥದೊಂದು ಭಾನುವಾರ, ಪರದೆಯ ಕೆಳಗೆ ಒಂದು ಸಾಲು ಹರಿದುಹೋಯಿತು. ಇನ್ನು ಮುಂದೆ ಕಮಾಂಡರನ ಪಾತ್ರವನ್ನು ಇಂಥವರು ನಿರ್ವಹಿಸುತ್ತಾರೆ. ಅಷ್ಟೇ. ನೌಕೆಯ ಬಾಗಿಲು ಸರಿಯಿತು, ಮೂವತ್ತರ ಆಸುಪಾಸಿನ, ಮೀಸೆಯೇ ಇಲ್ಲದ ಒಬ್ಬ ಒಳಗೆ ಬಂದ, ಎಲ್ಲರೂ ಎದ್ದು ಸೆಲ್ಯೂಟ್ ಹೊಡೆದರು. ಲಕ್ಷಾಂತರ ಮೈಲಿ ಆಚೆಯ ಶತ್ರುವನ್ನು ವಾಸನೆಯಲ್ಲೇ ಹಿಡಿಯುವ ಆ ನೌಕೆಯ ಸಿಬ್ಬಂದಿಗೆ ತಮ್ಮ ಕಮಾಂಡರ್ ಬೇರೆ ಮನುಷ್ಯನೆಂಬುದು ಗೊತ್ತೇ ಆಗಲಿಲ್ಲ.

ಪಾಟೀಲರ ಕೈಯಲ್ಲಿದ್ದ ವಡೆ ಸಾಂಬಾರಿಗೆ ಬಿತ್ತು. "ಐತಾಳ್ರ, ಮೀಸಿ ಇಲ್ಲದ ಮನಷ್ಯಾ ಆಕಾಶದಾಗ ಹೋಗಿ ಏನ್ ಮಾಡಾಂವ್ರೀ?" ಎಂದು ಗಲ್ಲಾದಲ್ಲಿದ್ದ ನನ್ನನ್ನು ಕೇಳಿದರು.

ಆ ರಾತ್ರಿಯಿಂದ ಮೊಬೈಲಿನಲ್ಲಿ ನಮ್ಮ ಅಭಿಮಾನಿ ಗ್ರೂಪಿಗೆ ಸೂತಕ ಬಂತು. ಒಬ್ಬರು ಪ್ರೊಫೈಲಿನಲ್ಲಿದ್ದ ತಮ್ಮ ಫೋಟೋ ತೆಗೆದು, ಅಲ್ಲಿ ಹಳೆಯ ಕಮಾಂಡರನ ಮೀಸೆಯನ್ನಷ್ಟೇ ಕತ್ತರಿಸಿ ಹಾಕಿಕೊಂಡರು. ಇನ್ನೊಬ್ಬರು ಹೊಸಬನ ಕಿವಿಗಳನ್ನು ಅಳೆದು, ಇಷ್ಟು ಚಿಕ್ಕ ಕಿವಿಯವನಿಗೆ ಹೆಲ್ಮೆಟ್ ನಿಲ್ಲುವುದಿಲ್ಲವೆಂದು ಬರೆದರು. ನನ್ನ ಪಾಲಿನ ಸಂಶೋಧನೆ ಏನೆಂದರೆ, ಹೊಸಬ ಎಡಗೈಯಲ್ಲಿ ಹಿಡಿಕೆ ಎಳೆಯುತ್ತಾನೆ, ಹಾಗೆ ಎಳೆದರೆ ನೌಕೆ ಹಿಂದಕ್ಕೆ ಹೋಗಬೇಕು. ಇದಕ್ಕೆ ಬಹಳ ಮೆಚ್ಚುಗೆ ಬಂತು. ಆ ಹುರುಪಿನಲ್ಲೇ ನಾನು ಸಹಿ ಹಾಕಿದ್ದು.

ನಾಚಿಕೆಯ ವಿಷಯವೆಂದರೆ, ನಾನು ಇದನ್ನೆಲ್ಲ ತಿಳಿಯದವನೇನಲ್ಲ. ಯಕ್ಷಗಾನ ನೋಡಿಕೊಂಡು ಬೆಳೆದವನು. ನಮ್ಮ ಕಡೆ ಒಂದೇ ಪ್ರಸಂಗದಲ್ಲಿ ಮೊದಲ ಭಾಗದ ಕೃಷ್ಣ ಒಬ್ಬ, ಮುಂದಿನ ಭಾಗದ ಕೃಷ್ಣ ಇನ್ನೊಬ್ಬ. ಮೊದಲನೆಯವನು ತೆಳ್ಳಗೆ ಹಾರಿ ಕುಣಿದು ಹೋಗಿರುತ್ತಾನೆ, ಎರಡನೆಯವನು ಹೊಟ್ಟೆ ಬಂದ ಹಿರಿಯ ಕಲಾವಿದ, ನಿಂತಲ್ಲೇ ಅರ್ಥ ಹೇಳುತ್ತಾನೆ. ಮುಂಬಯಿಯ ಸಭಾಗೃಹಗಳಲ್ಲಿ ಭಾನುವಾರ ಮಧ್ಯಾಹ್ನ ಮೂರೇ ಗಂಟೆಯಲ್ಲಿ ಮುಗಿಸುವ ಆಟದಲ್ಲೂ ಈ ಪದ್ಧತಿ ಬಿಟ್ಟಿಲ್ಲ. ಕಿರೀಟ ಕಂಡರೆ ಕೃಷ್ಣ, ಒಳಗಿನ ತಲೆ ಯಾರದೆಂದು ಯಾರೂ ತಕರಾರು ತೆಗೆಯುವುದಿಲ್ಲ ಎಂದು ನಾನು ಉತ್ತರ ಭಾರತದ ಗೆಳೆಯರ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ.

ಅದು ಪೂರ್ತಿ ನಿಜವಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಸೋದರಮಾವ ಎರಡನೆಯ ಕೃಷ್ಣ ಬಂದ ಕೂಡಲೇ ಎದ್ದು ಚಾ ಕುಡಿಯಲು ಹೋಗುತ್ತಿದ್ದರು. ಚಾ ಮುಗಿಸಿ ಬಂದು, ನೋಡದ ಆಟದ ತಪ್ಪುಗಳನ್ನೆಲ್ಲ ನಮಗೆ ವಿವರಿಸುತ್ತಿದ್ದರು. ಇಂದು ಅವರಿದ್ದಿದ್ದರೆ ನಮ್ಮ ಗ್ರೂಪಿಗೆ ಅವರೇ ಅಡ್ಮಿನ್.

ಇನ್ನು ಸ್ವಂತ ಹೋಟೆಲಿನ ಕತೆ ಕೇಳಿ. ನಮ್ಮಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವರು ಕೋಟದ ಮಂಜಣ್ಣ. ದಿನಾ ಹನ್ನೊಂದು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ಟವೆಲು ಹೆಗಲಿಗೆ ಹಾಕಿ ನಿಂತು, ಗಿರಾಕಿಗಳ ತಟ್ಟೆಯನ್ನಷ್ಟೇ ನೋಡುವುದು ಅವರ ಅಭ್ಯಾಸ. ಮುಖ ನೋಡುತ್ತಿರಲಿಲ್ಲ. ಸಾಂಬಾರು ಉಳಿದ ಬಟ್ಟಲು ಕಂಡರೆ ಅಂದು ಮಧ್ಯಾಹ್ನ ಊಟ ಸೇರುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಮೊಣಕಾಲು ಕೈಕೊಟ್ಟು ಅವರು ಊರಿಗೆ ಹೋದರು. ಅವರ ಕೈಕೆಳಗೇ ಪಳಗಿದ ರಾಘು ಒಲೆಯ ಮುಂದೆ ನಿಂತ. ಮೂರು ವಾರ ಒಬ್ಬರೂ ಒಂದು ಮಾತು ಆಡಲಿಲ್ಲ.

ಸುಮ್ಮನಿರಬೇಕಿತ್ತು. ನನಗೆ ಸತ್ಯಸಂಧತೆಯ ಚಪಲ ಹತ್ತಿತು. ಇವತ್ತಿನ ಸ್ಪೆಷಲ್ ಬರೆಯುವ ಕರಿಹಲಗೆಯ ಮೇಲೆ, ಮಂಜಣ್ಣ ರಜೆಯಲ್ಲಿದ್ದಾರೆ, ಅಡುಗೆಗೆ ರಾಘು ಎಂದು ಬರೆದೆ. ಹಲಗೆ ಮೇಲೇರಿ ಅರ್ಧ ಗಂಟೆಯೊಳಗೆ ನಾಲ್ಕು ಟೇಬಲ್ಲುಗಳಿಂದ ದೂರು ಬಂತು: ಸಾಂಬಾರಿಗೆ ಹುಳಿ ಜಾಸ್ತಿ. ನಾಲ್ಕರಲ್ಲಿ ಒಂದು ಪಾಟೀಲರದು. ವಾರವಿಡೀ ಇದೇ ಹಾಡು. ಕೊನೆಗೆ ನಾನು ಸತ್ಯಸಂಧತೆಗೆ ಕೈಮುಗಿದು, ಮಂಜಣ್ಣ ಬಂದಿದ್ದಾರೆ, ಕಾಲು ನೋವಿನಿಂದ ಬಾಗಿಲಿಗೆ ಬಂದು ನಿಲ್ಲುವುದಿಲ್ಲ ಅಷ್ಟೆ ಎಂದು ಸುಳ್ಳು ಹೇಳಿದೆ. ಅದೇ ರಾಘುವಿನ ಅದೇ ಸಾಂಬಾರನ್ನು ಪಾಟೀಲರು ಬಟ್ಟಲೆತ್ತಿ ಕುಡಿದು, "ಈಗ ನೋಡ್ರೀ, ಇದು ಕೈ ಅಂದ್ರ ಕೈ" ಎಂದರು. ನಾನು ಗಲ್ಲಾದಲ್ಲಿ ಕುಳಿತು ಮನಸ್ಸಿನಲ್ಲೇ ನಕ್ಕೆ. ಹಾಗೆ ನಕ್ಕವನೇ ಆರು ತಿಂಗಳ ಮೇಲೆ ಮೀಸೆಗಾಗಿ ಸಹಿ ಹಾಕಿದೆ ನೋಡಿ.

ಇಲ್ಲಿಯ ತನಕ ಹೇಳದೆ ತಪ್ಪಿಸಿಕೊಂಡ ವಿಷಯವೊಂದಿದೆ. ಡಾಕ್ಟರು ನನಗೆ ದಿನಾ ಲೋಕಲಿನಲ್ಲಿ ನಿಂತು ಹೋಗುವುದು ಸಾಕು ಎಂದು ಒಂದು ವರ್ಷದಿಂದ ಹೇಳುತ್ತಿದ್ದರು. ಹೋಟೆಲಿಗೆ ಎರಡೇ ದಾರಿ. ಒಂದು, ಕಂಡಕ್ಟಿಂಗಿಗೆ ಕೊಡುವುದು. ಅಂದರೆ ಬೋರ್ಡು ನಮ್ಮದೇ ಇರುತ್ತದೆ, ನಡೆಸುವವರು ಬೇರೆ. ಕೇಳಿಕೊಂಡು ಒಬ್ಬರು ಬಂದೂ ಆಗಿತ್ತು, ತಿಂಗಳ ಕೊನೆಗೆ ಉತ್ತರ ಬೇಕೆಂದಿದ್ದರು. ಇನ್ನೊಂದು, ಮಗಳು ಪ್ರತೀಕ್ಷಾ. ಕೇಟರಿಂಗ್ ಓದಿ ದೊಡ್ಡ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದಳು, ಅದನ್ನು ಬಿಟ್ಟು ಬಂದು ಗಲ್ಲಾದಲ್ಲಿ ಕೂರುತ್ತೇನೆಂದು ಹಟ ಹಿಡಿದಿದ್ದಳು. ನಾನು ಪ್ರತಿ ಸಲವೂ, ಹಳೇ ಗಿರಾಕಿಗಳು ಒಪ್ಪುವುದಿಲ್ಲ ಮಗಾ, ಅವರಿಗೆ ನಾನೇ ಬೇಕು ಎನ್ನುತ್ತಿದ್ದೆ.

ಸಹಿಯ ಸುದ್ದಿ ಕೇಳಿದ ಮೇಲೆ ಅವಳು ನನ್ನನ್ನು ಹಿಡಿದಳು. "ಪಪ್ಪಾ, ನೀವು ಆ ಹೊಸಾ ಕಮಾಂಡರನ ಒಂದು ಎಪಿಸೋಡ್ ಆದ್ರೂ ಪೂರಾ ನೋಡಿದ್ದೀರಾ?"

ನೋಡಿರಲಿಲ್ಲ. ಅವನು ಬಂದಾಗಲೆಲ್ಲ ನಾನು ಚಿಲ್ಲರೆ ಹುಡುಕುವ ನೆಪದಲ್ಲಿ ಡ್ರಾಯರಿನೊಳಗೆ ತಲೆ ಹಾಕುತ್ತಿದ್ದೆ.

"ಹಾಗಾದ್ರೆ ಡೀಲ್. ಮೂರು ಸಂಡೇ ನೀವು ನಾಲ್ಕನೇ ಟೇಬಲಲ್ಲಿ ಕೂತು ಅವನನ್ನು ನೋಡಿ, ಚುಪ್‌ಚಾಪ್. ಮೂರು ಸಂಡೇ ಗಲ್ಲಾ ನಾನು ನೋಡ್ತೇನೆ. ಆಮೇಲೆ ನೀವು ಏನು ಹೇಳಿದ್ರೂ ಓಕೆ. ಕಂಡಕ್ಟಿಂಗಿಗೆ ಕೊಡುವಾ ಅಂದ್ರೂ ಓಕೆ."

ಮೊದಲ ಭಾನುವಾರ ಗಿರಾಕಿಯಂತೆ ಹೋಗಿ ಪಾಟೀಲರ ಪಕ್ಕ ಕುಳಿತೆ. ಟಿವಿ ಎಲ್ಲಿ ನೋಡಲಿ, ಕಣ್ಣೆಲ್ಲ ಗಲ್ಲಾದ ಕಡೆಗೆ. ಇಪ್ಪತ್ತು ವರ್ಷದಿಂದ ಬರುತ್ತಿರುವ ಗುಜರಾತಿ ಕಾಕಾ ಒಬ್ಬರು ಬಂದರು. ಗಲ್ಲಾ ನೋಡಿದರು, ಸುತ್ತಲೂ ನೋಡಿದರು, ಕೊನೆಗೆ ನನ್ನ ಟೇಬಲ್ಲಿಗೇ ಬಗ್ಗಿ ನನ್ನನ್ನೇ, "ಶೇಠ್ ಕಿಧರ್ ಹೈ?" ಎಂದು ಕೇಳಿದರು. ಮೂವತ್ತನಾಲ್ಕು ವರ್ಷ ಜನ ನನ್ನನ್ನು ಎದೆಯಿಂದ ಮೇಲಕ್ಕೆ, ಅದೂ ಗಣಪತಿ ಫೋಟೋದ ಕೆಳಗೆ, ಸೋಂಪಿನ ತಟ್ಟೆಯ ಹಿಂದೆ ನೋಡಿದ್ದರು. ಪ್ಯಾಂಟು ಚಪ್ಪಲಿ ಸಮೇತ ಎದುರಿಗೆ ಕುಳಿತವನು ಅವರ ಪಾಲಿಗೆ ಯಾರೋ. ಅವರಿಗೆ ನಾನೇ ಬೇಕು ಎಂದು ಹೇಳಿಕೊಂಡು ಬಂದವನಿಗೆ ಅದನ್ನು ನುಂಗುವುದು ಕಷ್ಟವಾಯಿತು.

ಎರಡನೆಯ ಭಾನುವಾರ ಕಾಕಾ ಬಂದು ಶೇಠ್ ಎಲ್ಲೆಂದು ಕೇಳಲೇ ಇಲ್ಲ. ಪ್ರತೀಕ್ಷಾ ಅವರ ಸಕ್ಕರೆ ಕಾಯಿಲೆ ನೆನಪಿಟ್ಟು ಫಿಲ್ಟರ್ ಕಾಫಿಗೆ ಸಕ್ಕರೆ ಬೇಡವೆಂದು ಒಳಗೆ ಕೂಗಿ ಹೇಳಿದಳು. ನಾನು ವೇಟರುಗಳನ್ನು ಗಂಟೆ ಬಾರಿಸಿ ಕರೆಯುತ್ತಿದ್ದೆ; ಅವಳು ಹೆಸರು ಹಿಡಿದು ಕರೆದಳು. ನನ್ನ ಎದೆಯಲ್ಲಿ ಸಣ್ಣಗೆ ಉರಿಯಿತು, ಅದು ಮಸಾಲೆಯ ಉರಿಯಲ್ಲ. ಗಿರಾಕಿಗಳು ಒಪ್ಪುವುದಿಲ್ಲವೆಂಬ ಹೆದರಿಕೆ ನನಗೆ ಯಾವತ್ತೂ ಇರಲಿಲ್ಲ. ಒಪ್ಪಿಬಿಟ್ಟರೆ ಎಂಬ ಹೆದರಿಕೆಯೇ ಇದ್ದದ್ದು. ಹೊಸ ಕಮಾಂಡರ್ ಕೆಟ್ಟದಾಗಿ ಮಾಡಿದ್ದರೆ ನಮ್ಮ ಗ್ರೂಪಿನವರಿಗೆ ಅಷ್ಟು ಸಿಟ್ಟು ಬರುತ್ತಲೂ ಇರಲಿಲ್ಲ ಎಂದು ಅವತ್ತು ಹೊಳೆಯಿತು. ಪಾಟೀಲರಿಗೆ ಹೇಳಲಿಲ್ಲ.

ಮೂರನೆಯ ಭಾನುವಾರ ಸ್ವಲ್ಪ ಬೇಗನೇ ಹೋದೆ. ಇಡ್ಲಿ ಬಂತು. ಒಂದು ಚಮಚ ಸಾಂಬಾರು ಬಾಯಿಗೆ ಹಾಕಿದ್ದೇ, ಇಷ್ಟು ದಿನ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಹೊರಗೆ ಬಂತು. "ಪ್ರತೀಕ್ಷಾ, ಹುಳಿ ಜಾಸ್ತಿ," ಎಂದು ಟೇಬಲ್ಲಿನಿಂದಲೇ ದೊಡ್ಡ ದನಿಯಲ್ಲಿ ಹೇಳಿದೆ. "ಗಲ್ಲಾದಲ್ಲಿ ಇದ್ದವರಿಗೆ ಅಡುಗೆಮನೆ ಮೇಲೂ ಒಂದು ಕಣ್ಣಿರಬೇಕು. ಮಂಜಣ್ಣ ಇದ್ದಿದ್ದರೆ ಹೀಗಾಗುತ್ತಿತ್ತಾ? ಈ ರಾಘುವಿಗೆ ಎಷ್ಟು ಹೇಳಿದರೂ ಅಷ್ಟೆ." ಮಂಜಣ್ಣ ಬಂದಿದ್ದಾರೆಂದು ನಾನೇ ಹೇಳಿದ್ದ ಸುಳ್ಳು ಆ ಹೊತ್ತಿಗೆ ಮರೆತೇಹೋಗಿತ್ತು.

ಅವಳು ಅಡುಗೆಮನೆಯ ಬಾಗಿಲ ಕಡೆ ಕಣ್ಣಲ್ಲೇ ತೋರಿಸಿದಳು. ಹೆಗಲಿಗೆ ಟವೆಲು ಹಾಕಿಕೊಂಡು ಮಂಜಣ್ಣ ನಿಂತಿದ್ದರು. ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಕಾಲು ಸರಿಯಾಗಿದೆ, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದು ಅವರು ಫೋನು ಮಾಡಿದ್ದರಂತೆ, ಮಗಳು ಟಿಕೆಟು ಕಳಿಸಿದ್ದಳಂತೆ, ಬೆಳಿಗ್ಗೆಯೇ ಬಂದು ಒಲೆ ಹಿಡಿದಿದ್ದರಂತೆ. ಉಳಿದ ಗಿರಾಕಿಗಳಿಗೆ ಇದೇನೂ ಸುದ್ದಿಯಾಗಲಿಲ್ಲ. ನನ್ನ ಸುಳ್ಳಿನ ಪ್ರಕಾರ ಅವರು ಎಂದೋ ಬಂದಾಗಿತ್ತು.

"ಹುಳಿ ಯಾವತ್ತಿನಷ್ಟೇ ಇತ್ತ್ ಐತಾಳ್ರೇ," ಎಂದರು ಮಂಜಣ್ಣ. "ಗಲ್ಲಾದಿಂದ ಇಳ್ದ್ ಕೂತ್ರೆ ಎಲ್ಲರಿಗೂ ಹಾಂಗೇ ಕಾಂತ್."

ನಾನು ತಲೆ ತಗ್ಗಿಸಿ ಬಟ್ಟಲು ಖಾಲಿ ಮಾಡಿದೆ. ಪಾಟೀಲರು ನಗು ತಡೆಯಲಾರದೆ ಕೆಮ್ಮಿದರು. ಅವರ ಹಳೆಯ ದೂರಿನ ಒಳಗುಟ್ಟು ಹೇಳಿ ಸೇಡು ತೀರಿಸಬಹುದಿತ್ತು; ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಆರು ಹೊಡೆಯಿತು. ಬೇರೆ ದಾರಿಯಿಲ್ಲದೆ ಟಿವಿ ನೋಡಿದೆ, ಮೊದಲ ಸಲ ನಿಜವಾಗಿ ನೋಡಿದೆ. ನೌಕೆಗೆ ಎಂದಿನಂತೆ ಬೆಂಕಿ ಬಿದ್ದಿತ್ತು. ಹೊಸಬ ಅಪ್ಪಣೆ ಕೊಡುತ್ತ ಅತ್ತಿತ್ತ ಓಡಾಡಿದ, ಎಡಗೈಯಲ್ಲೇ ಹಿಡಿಕೆ ಎಳೆದ, ನೌಕೆ ಮುಂದಕ್ಕೇ ಹೋಯಿತು. ಆದರೆ ಅವನು ಕಮಾಂಡರನ ಕುರ್ಚಿಯಲ್ಲಿ ಕೂರಲಿಲ್ಲ. ಎಪಿಸೋಡಿನುದ್ದಕ್ಕೂ, ಓಡಾಟ ನಿಂತಾಗಲೆಲ್ಲ, ಒಂದು ಕೈಯನ್ನು ಅದರ ಬೆನ್ನಿಗೆ ಇಟ್ಟುಕೊಂಡು ಪಕ್ಕದಲ್ಲೇ ನಿಲ್ಲುತ್ತಿದ್ದ.

"ಬಂದಾಗಿಂದ ಹಿಂಗ ನಿಂದರ್ತಾನ್ರೀ," ಎಂದು ಪಾಟೀಲರು ತಗ್ಗಿದ ದನಿಯಲ್ಲಿ ಹೇಳಿದರು. "ಒಂದ್ ದಿನಾನೂ ಕುಂತಿಲ್ಲ ನೋಡ್ರಿ."

ನಾನು ಗಲ್ಲಾದ ಕಡೆ ತಿರುಗಿದೆ. ಪ್ರತೀಕ್ಷಾ ನಿಂತಿದ್ದಳು. ನನ್ನ ಕುರ್ಚಿ ಅವಳ ಪಕ್ಕದಲ್ಲಿ ಖಾಲಿಯಿತ್ತು. ಗಿಡ್ಡನಾದ ನಾನು ಎತ್ತರಕ್ಕೆಂದು ಹಾಕಿಕೊಳ್ಳುತ್ತಿದ್ದ ದಿಂಬು ನಾನು ಬಿಟ್ಟುಹೋದಂತೆಯೇ ನಡುವೆ ತಗ್ಗಾಗಿ ಅದರ ಮೇಲಿತ್ತು. ಮೂರು ಭಾನುವಾರ ಕಣ್ಣು ಕೀಳದೆ ನೋಡಿದ್ದೆ, ಗಂಟೆ ನೋಡಿದ್ದೆ, ಸಕ್ಕರೆ ನೋಡಿದ್ದೆ, ಇದನ್ನು ನೋಡಿರಲಿಲ್ಲ.

ಎದ್ದು ಹೋಗಿ ದಿಂಬನ್ನು ತೆಗೆದು ಬಗಲಿಗೆ ಇಟ್ಟುಕೊಂಡೆ. "ಕೂತ್ಕೊ ಮಗಾ, ಕಾಲು ನೋಯ್ತದೆ," ಎಂದೆ.

"ಡೀಲ್ ಪ್ರಕಾರ ಇವತ್ತು ಮುಗೀತು ಪಪ್ಪಾ. ಕಂಡಕ್ಟಿಂಗ್ ಅವರಿಗೆ ಏನು ಹೇಳೋದು?"

"ಬೋರ್ಡೂ ನಮ್ಮದೇ, ನಡೆಸುವವರೂ ನಮ್ಮವರೇ ಅಂತ ಹೇಳು."

ಅವಳು ಕುಳಿತಳು. ದಿಂಬಿಲ್ಲದೆಯೂ ನನಗಿಂತ ಎತ್ತರ ಕಂಡಳು. ನಾನು ನಾಲ್ಕನೇ ಟೇಬಲ್ಲಿಗೆ ಮರಳಿ, ದಿಂಬು ಹಾಕಿ ಕುಳಿತೆ.

"ಮುಂದಿನ ವಾರನಾರ ಕೂಡ್ತಾನೇನ್ರೀ ಅಂವಾ?" ಎಂದು ಪಾಟೀಲರು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು.

"ಕೂರುತ್ತಾನೆ," ಎಂದೆ. "ಹಳಬನೇ ಬಂದು ದಿಂಬು ತೆಗೆಯಬೇಕು."