ಬಣ್ಣ ಇಳಿಸುವ ದುರುಗಮ್ಮನ ಹಠ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ನಾಟಕ ಈಗಷ್ಟೇ ಮುಗಿದಿದೆ. ಮಂಗಳ ಹಾಡಿ, ಮೈಕು ಆರಿಸಿ, ಜನ ಚಾಪೆ ಸುತ್ತಿಕೊಂಡು ಮನೆಯ ದಾರಿ ಹಿಡಿಯುವಷ್ಟರಲ್ಲಿ ಮೂಡಲಲ್ಲಿ ಬೆಳಕು ಹರಿಯುತ್ತಿದೆ. ರಂಗದ ಹಿಂದೆ, ನಲ್ಲಿಯ ಪಕ್ಕದಲ್ಲಿ, ರಾಜನ ಪಾತ್ರ ಮಾಡಿದ ನಿಂಗರಾಜ್ ವೇಷ ಕಳಚಿ ಬರೀ ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾನೆ. ಅವನ ಹಿಂದೆ ಮಂತ್ರಿ, ಮಂತ್ರಿಯ ಹಿಂದೆ ಆಕಳಿಸುತ್ತಿರುವ ರಾಕ್ಷಸ. ರಾತ್ರಿಯಿಡೀ ಗುಡುಗಿದ ಮಹಾನುಭಾವರೆಲ್ಲ ಈಗ ಕ್ಷೌರದಂಗಡಿಯಲ್ಲಿ ಸರದಿ ಕಾಯುವ ಹುಡುಗರ ಹಾಗೆ ತೆಪ್ಪಗಿದ್ದಾರೆ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ದುರುಗಮ್ಮ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ನಿಂಗರಾಜನ ಕೆನ್ನೆಗೆ ಹಚ್ಚುತ್ತಾರೆ. ಉಜ್ಜುವುದಿಲ್ಲ, ಸವರುತ್ತಾರೆ. ಬಣ್ಣ ಕರಗಿ ಕೆಸರಿನಂತಾದ ಮೇಲೆ ಹಳೇ ಪಂಚೆಯ ತುಂಡಿನಿಂದ ಮೆಲ್ಲಗೆ ಒರೆಸುತ್ತಾರೆ. ಅಂದಹಾಗೆ, ಈ ಬೆಳಿಗ್ಗೆ ಅವರನ್ನು ಇಲ್ಲಿಗೆ ಯಾರೂ ಕರೆದಿಲ್ಲ. ಬರಬೇಡ ಎಂದು ಹೇಳಿಸಿಕೊಂಡ ಮೇಲೂ ನಿನ್ನೆ ಸಂಜೆ ತಾವಿರುವ ಜಗಳೂರಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಬಸ್ಸು ಹತ್ತಿ ಬಂದು ನಿಂತಿದ್ದಾರೆ.

ದುರುಗಮ್ಮನಿಗೆ ಐವತ್ತು ದಾಟಿದೆ. ಗಂಡ ಮಾರಪ್ಪ ನಾಟಕದವರಿಗೆ ಬಣ್ಣ ಹಚ್ಚುವವರು. ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಹೊಲಮನೆ ಮಾಡುವವರೇ ಸೇರಿ ಪೌರಾಣಿಕ ನಾಟಕ ಕಟ್ಟುತ್ತಾರೆ, ಮಾರಪ್ಪನಿಗೆ ಬಿಡುವಿರುವುದಿಲ್ಲ. ಪರದೆ ಎದ್ದೊಡನೆ ಜನ ‘ಮಾರಪ್ಪನ ಕೈ ಅಂದ್ರೆ ಕೈ’ ಎನ್ನುತ್ತಾರೆ. ಬಣ್ಣ ಹಚ್ಚಿದವನನ್ನು ನೋಡಲು ಊರೇ ನೆರೆದಿರುತ್ತದೆ. ಇಳಿಸುವವಳನ್ನು ನೋಡಲು ಯಾರು ಎದ್ದಿರುತ್ತಾರೆ? ಒಂದು ನಾಟಕಕ್ಕೆ ಹದಿನೈದು, ಇಪ್ಪತ್ತು ಮುಖ. ಮುಖಕ್ಕೆ ಹತ್ತು ನಿಮಿಷ ಹಿಡಿದರೂ ಕೊನೆಯ ಸೈನಿಕನ ಮುಖ ತೊಳೆಯುವಾಗ ಬಿಸಿಲು ಚುರುಗುಟ್ಟುತ್ತಿರುತ್ತದೆ.

ಈ ಕೆಲಸ ಅವರು ಹಿಡಿದದ್ದು ಸಿಟ್ಟಿನಿಂದ. ಮಾರಪ್ಪ ಹರೆಯದಲ್ಲಿ ರಾಕ್ಷಸನ ಪಾತ್ರಕ್ಕೆ ಹೆಸರಾಗಿದ್ದವರು. ಆಗ ಬಣ್ಣ ಬಿಡಿಸಲು ಇದ್ದದ್ದು ಸೀಮೆಎಣ್ಣೆ, ಆಮೇಲೆ ಬಟ್ಟೆ ಸೋಪು. ಅವರ ಎರಡೂ ಕೆನ್ನೆಯ ಮೇಲೆ ಸುಟ್ಟಂಥ ಕಪ್ಪು ಕಲೆ ಇಂದಿಗೂ ಇದೆ, ಬಿಸಿಲಿಗೆ ನಿಂತರೆ ಉರಿಯುತ್ತದೆ. ಮದುವೆಯಾದ ಹೊಸದರಲ್ಲಿ ಆ ಸೀಮೆಎಣ್ಣೆಯ ಡಬ್ಬಿಯನ್ನು ತಿಪ್ಪೆಗೆಸೆದು ದುರುಗಮ್ಮ ಮೊದಲ ಸಲ ಎಣ್ಣೆ ಬಾಟಲಿ ಹಿಡಿದರು. “ಬಣ್ಣನೂ ಜಿಡ್ಡು, ಎಣ್ಣೆನೂ ಜಿಡ್ಡು. ಜಿಡ್ಡಿನ ಜೊತೆ ಜಿಡ್ಡೇ ಮಾತಾಡ್ಬೇಕು. ಸೋಪಿನ ಕೆಲ್ಸ ಆಮ್ಯಾಲೆ ಐತೆ,” ಎನ್ನುವುದು ಅವರ ಲೆಕ್ಕ.

ಆಮೇಲಿನ ಆ ಕೆಲಸಕ್ಕೆ ಯಾವ ಸೋಪು, ಯಾವ ಫೇಸ್‌ವಾಶ್ ಎನ್ನುವುದರಲ್ಲಿ ದುರುಗಮ್ಮ ಬೇಕಾದಷ್ಟು ಸಲ ಮೋಸ ಹೋಗಿದ್ದಾರೆ. ಒಮ್ಮೆ ಬೇವಿನ ಎಲೆಯ ಚಿತ್ರ ನೋಡಿ, ಬೇವಲ್ಲವೇ ಎಂದು ಕಣ್ಣು ಮುಚ್ಚಿ ಒಂದು ಬಾಟಲಿ ಕೊಂಡರು. ಪಾತ್ರಕ್ಕೆಂದು ಸಂಜೆಯಷ್ಟೇ ಗಡ್ಡ ಬೋಳಿಸಿಕೊಂಡಿದ್ದ ಮುಖಗಳಿಗೆ ಅದು ಮೆಣಸಿನಕಾಯಿ ಅರೆದಂತೆ ಉರಿಯಿತು. ಬಾಟಲಿ ಹಿಡಿದುಕೊಂಡು ಹೊನ್ನಾಳಿಯ ಮೆಡಿಕಲ್ ಶಾಪಿನ ರಮ್ಯಶ್ರೀ ಹತ್ತಿರ ಜಗಳಕ್ಕೇ ಹೋದರು. ಅವಳು ನಗುತ್ತಾ ಬಾಟಲಿಯ ಬೆನ್ನು ತಿರುಗಿಸಿ, ಒಳಗೆ ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆದಿರುತ್ತಾರೆ ಎಂದು ತೋರಿಸಿದಳು. ಮೊದಲಿಗೆ ನೀರು, ಆಮೇಲೆ ನೊರೆ ಬರಿಸುವ ಸಲ್ಫೇಟು, ನಡುವೆ ತಣ್ಣಗೆ ಚುರುಗುಟ್ಟಿಸುವ ಮೆಂಥಾಲು. ಬೇವು ಸಿಕ್ಕಿದ್ದು ಪಟ್ಟಿಯ ಕಟ್ಟಕಡೆಗೆ, ಅದಕ್ಕೆ ಬೆರೆಸಿದ ಬಣ್ಣಕ್ಕಿಂತ ಒಂದು ಹೆಜ್ಜೆ ಮುಂದೆ.

ಅಂದಿನಿಂದ ಅವಳ ಅಂಗಡಿಗೆ ಹೋದಾಗಲೆಲ್ಲ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ಬೆನ್ನು ಓದಿಸುತ್ತಾರೆ. ಗ್ಲಿಸರಿನ್ ಎಷ್ಟನೆಯದು, ಸುಗಂಧ ಹಾಕಿದ್ದಾರೋ ಇಲ್ಲವೋ, ಉರಿಯುವಂಥದ್ದು ಏನಿದೆ ಎಂದು ಕೇಳುತ್ತಾರೆ. ಆಮೇಲೆ ತಮ್ಮದೇ ಮೊಣಕೈ ಒಳಗಡೆ ಹಚ್ಚಿಕೊಂಡು ಮೂರು ದಿನ ಕಾಯುತ್ತಾರೆ. ನೊರೆ ಜಾಸ್ತಿ ಬಂದರೆ ಕೊಳೆ ಜಾಸ್ತಿ ಹೋಗುತ್ತದೆ ಎನ್ನುವವರಿಗೆ, ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಾರೆ. ಕಡಲೆಹಿಟ್ಟು ಹಚ್ಚಿ, ಎಲ್ಲದಕ್ಕೂ ಅದೇ ಮದ್ದು ಎಂದು ಉಪದೇಶ ಮಾಡುವವರನ್ನೂ ಬಿಡುವುದಿಲ್ಲ. ಬ್ಲೇಡು ತಾಗಿದ ಕೆನ್ನೆಗೆ ಹಿಟ್ಟು ಉಜ್ಜಿ ನೋಡಿ, ಆಮೇಲೆ ಮಾತಾಡೋಣ ಎನ್ನುತ್ತಾರೆ.

ನೀರಿನದೂ ಒಂದು ಕಥೆ. ಹೊನ್ನಾಳಿಯಲ್ಲಿ ಹೊಳೆ ನೀರಿಗೆ ಹಾಯಾಗಿ ನೊರೆ ಬಿಡುವ ಸೋಪು ಜಗಳೂರಿನ ಬೋರ್‌ವೆಲ್ ನೀರಿಗೆ ಒಡೆದ ಹಾಲಿನಂತೆ ಗರಣೆಗಟ್ಟುತ್ತದೆ. ಆ ಬಿಳಿ ಜಿಡ್ಡು ಮುಖಕ್ಕೇ ಅಂಟಿ, ಚರ್ಮ ಬಿಗಿದು, ಮಾತಾಡಿದರೆ ಒಡೆಯುತ್ತದೆ. ಹಾಗಾಗಿ ಸೀಮೆ ಬದಲಾದಂತೆ ದುರುಗಮ್ಮನ ಚೀಲದೊಳಗಿನ ಬಾಟಲಿಯೂ ಬದಲಾಗುತ್ತದೆ. ಜಗಳೂರಿನ ಕಡೆಯ ನಾಟಕವಾದರೆ ಸೋಪನ್ನು ಮುಟ್ಟುವುದೇ ಇಲ್ಲ, ಸಲ್ಫೇಟು ಇಲ್ಲದ ಸಾದಾ ಫೇಸ್‌ವಾಶ್ ಒಂದನ್ನೇ ಒಯ್ಯುತ್ತಾರೆ.

ಇಷ್ಟೆಲ್ಲ ನಾಜೂಕಿಗೆ ಈ ವರ್ಷ ಕಲ್ಲು ಬಿತ್ತು. ಪರದೆ, ಕಿರೀಟ, ಗದೆ, ಗಡ್ಡ ಮೀಸೆ ಎಲ್ಲವನ್ನೂ ಬಾಡಿಗೆಗೆ ಕೊಡುವ ಕಂಟ್ರಾಕ್ಟುದಾರ ನ್ಯಾಮತಿ ಕಡೆಯ ರುದ್ರಮುನಿ. ಬಣ್ಣ ಹಚ್ಚಲು ಮಾರಪ್ಪನನ್ನು ಕರೆಯುವವರೂ ಅವರೇ. ಎಲ್ಲಿಂದಲೋ ಗುಲಾಬಿ ಬಣ್ಣದ ಫೇಸ್‌ವಾಶನ್ನು ಕ್ಯಾನುಗಟ್ಟಲೆ ತಂದು, ಇನ್ನು ಇದರಲ್ಲೇ ತೊಳಿ, ಎಣ್ಣೆ ಗಿಣ್ಣೆ ಬೇಡ, ಎರಡು ನಿಮಿಷಕ್ಕೆ ಒಂದು ಮುಖ ಆಗುತ್ತದೆ ಎಂದರು. ದುರುಗಮ್ಮ ಕ್ಯಾನನ್ನು ತಿರುಗಿಸಿ ತಿರುಗಿಸಿ ನೋಡಿದರು. ಚೀಟಿ ಇಲ್ಲ, ಒಂದಕ್ಷರ ಬರಹವಿಲ್ಲ. ಇದರೊಳಗೆ ಏನಿದೆ ಎಂದು ಕೇಳಿದ್ದಕ್ಕೆ ಘಮ ಇದೆ, ನೊರೆ ಇದೆ, ಇನ್ನೇನು ಬೇಕು ಎಂಬ ಉತ್ತರ ಬಂತು. ಏನಿದೆ ಎಂದು ಗೊತ್ತಿಲ್ಲದ್ದನ್ನು ಮುಟ್ಟುವುದಿಲ್ಲ ಎಂದರು ದುರುಗಮ್ಮ. ಹಾಗಾದರೆ ನೀನು ಬರುವುದೇ ಬೇಡ ಎಂದರು ರುದ್ರಮುನಿ.

ಮನೆಯಲ್ಲಿ ಮಾರಪ್ಪ ತಲೆ ತಗ್ಗಿಸಿ ಕೂತರು. ನಮ್ಮ ಅನ್ನವೂ ಆ ಕಂಟ್ರಾಕ್ಟಿನಲ್ಲೇ ಇದೆ, ನಮಗ್ಯಾಕೆ ಊರ ಉಸಾಬರಿ ಎಂದರು. ದುರುಗಮ್ಮ ಗಂಡನ ಕೆನ್ನೆಯ ಕಲೆಯನ್ನೇ ನೋಡುತ್ತಾ, “ಇದು ಯಾರ ಉಸಾಬರಿ ಆಗಿತ್ತು?” ಎಂದು ಕೇಳಿದರು. ಮುಂದಿನ ನಾಟಕಕ್ಕೆ ಮಾರಪ್ಪ ಒಬ್ಬರೇ ಟೆಂಪೋ ಹತ್ತಿ ಹೋದರು.

ಆ ನಾಟಕದಲ್ಲಿ ನಿಂಗರಾಜನ ಮುಖವನ್ನು ಕ್ಯಾನಿನ ಫೇಸ್‌ವಾಶಿನಲ್ಲೇ ತೊಳೆದರು. ಬಣ್ಣ ಪೂರಾ ಬಿಡದೆ ಮತ್ತೆ ಮತ್ತೆ ಉಜ್ಜಿದರು. ಮೂರನೇ ದಿನಕ್ಕೆ ದವಡೆಯ ಮೇಲೆ ಚರ್ಮ ಸುಲಿದು, ಅವನು ಬಿಸಿಲಿನ ಉರಿಗೆ ಮೆಕ್ಕೆಜೋಳದ ಹೊಲಕ್ಕೆ ಕಾಲಿಡಲಾಗದೆ ಟವೆಲು ಸುತ್ತಿಕೊಂಡು ಕೂತ. ಸುದ್ದಿ ದುರುಗಮ್ಮನ ಕಿವಿಗೆ ಬಿತ್ತು. ಕರೆಯಲಿ ಬಿಡಲಿ, ಕತ್ತಲಗೆರೆಯ ನಾಟಕಕ್ಕೆ ಹೋಗುವುದೇ ಸೈ ಎಂದು ನಿರ್ಧರಿಸಿದ್ದು ಆವಾಗ.

ಈಗ ನಿಂಗರಾಜನ ವಾಸಿಯಾದ ದವಡೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡುತ್ತಿರುವಾಗಲೇ ರುದ್ರಮುನಿ ಕ್ಯಾನು ಹಿಡಿದು ಬರುತ್ತಾರೆ. ಮಂತ್ರಿಯನ್ನೂ ರಾಕ್ಷಸನನ್ನೂ ತಮ್ಮ ಕಡೆಗೆ ಕರೆಯುತ್ತಾರೆ. ಇಬ್ಬರೂ ಕದಲುವುದಿಲ್ಲ. ದುರುಗಮ್ಮ ನಿಂಗರಾಜನನ್ನು ಎಬ್ಬಿಸಿ, ಖಾಲಿಯಾದ ಸ್ಟೂಲನ್ನು ಒರೆಸಿ ಮುಂದಕ್ಕೆ ತಳ್ಳುತ್ತಾರೆ.

“ಕ್ಯಾನು ಇಲ್ಲೇ ಇಡ್ರಿ ಸಾವ್ಕಾರ್ರೆ. ಮೊದ್ಲು ನೀವು ಕುಂದ್ರಿ. ನಿಮ್ಮ ಮುಖ ತೊಳ್ದು ನೋಡಾನ.”

ತಾನೇನು ಬಣ್ಣ ಹಚ್ಚಿಕೊಂಡಿದ್ದೇನಾ ಎಂದು ರುದ್ರಮುನಿ ನಗಲು ನೋಡುತ್ತಾರೆ. ಅಷ್ಟು ದಿನ ರುದ್ರಮುನಿಯ ಎದುರು ಬಾಯಿ ಬಿಡದಿದ್ದ ಮಾರಪ್ಪ ಅಲ್ಲೇ ಪೆಟ್ಟಿಗೆ ಕಟ್ಟುತ್ತಿದ್ದವರು ಎದ್ದು ಬರುತ್ತಾರೆ. ಕೈಯಲ್ಲಿ ಕೆಂಪು ಅದ್ದಿದ ಕುಂಚ.

“ಅದಕ್ಕೇನ್ರಿ, ನಾನು ಹಚ್ತೀನಿ. ಕುಂದ್ರಿ.”

ಸರದಿಯಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ರುದ್ರಮುನಿ ಕೂರುವುದಿಲ್ಲ. ಕ್ಯಾನು ಎತ್ತಿಕೊಂಡು, ಮುಂದಿನ ಹೊನ್ನಾಳಿಯ ನಾಟಕಕ್ಕೆ ಗಂಡ ಹೆಂಡತಿ ಇಬ್ಬರನ್ನೂ ಅದು ಯಾರು ಕರೆಯುತ್ತಾರೋ ನೋಡುತ್ತೇನೆ ಎನ್ನುತ್ತಾರೆ. ಮಾರಪ್ಪ ಕುಂಚವನ್ನು ಕೆಳಗಿಳಿಸುವುದಿಲ್ಲ. ದುರುಗಮ್ಮ ಆಗಲೇ ಮಂತ್ರಿಯನ್ನು ಕೂರಿಸಿ ಕೈಗೆ ಎಣ್ಣೆ ಸುರಿದುಕೊಂಡಿದ್ದಾರೆ. ತಲೆ ಎತ್ತದೆಯೇ ಹೇಳುತ್ತಾರೆ:

“ಕರೀದಿದ್ರೂ ಬರ್ತೀನ್ರಿ. ಕಿರೀಟ ನಿಮ್ದು, ಗದೆ ನಿಮ್ದು, ಗಡ್ಡ ಮೀಸೆನೂ ನಿಮ್ದೇ. ಎಲ್ಲಾ ಎಣಿಸ್ಕೊಂಡು ಟ್ರಂಕಿಗೆ ಹಾಕ್ಕೊಂಡ್ ಹೋಗ್ರಿ. ಮುಖ ಮಾತ್ರ ಅವ್ರವ್ರದು.”