ಮೌಶಿಯ ಕಾದಂಬರಿಯಲ್ಲಿ ನನ್ನದೊಂದು ಸಾಲು

ಇಂದೂ ಮೌಶಿಯ ಹೊಸ ಕಾದಂಬರಿಯಲ್ಲಿ ಓದುಗರು ಅಡಿಗೆರೆ ಎಳೆದು ಮೆಚ್ಚಿಕೊಂಡ ಸಾಲೊಂದಿದೆ. ಅದು ಅವರದಲ್ಲ, ನನ್ನದು. ತಾಳೆಗರಿ ನಕಲು ಮಾಡುತ್ತಿದ್ದ ಲಿಪಿಕಾರರು ನಡುವೆ ತಮ್ಮದೊಂದು ಪದ್ಯ ತೂರಿಸಿದರೆ ವಿದ್ವಾಂಸರು ಅದನ್ನು ಪ್ರಕ್ಷಿಪ್ತ ಎನ್ನುತ್ತಾರೆ. ಪುಣೆಯ ಕೋಥ್ರೂಡಿನಲ್ಲಿರುವ ನನ್ನಂಥ ಡ್ರಾಯಿಂಗ್ ಮಾಸ್ತರನೊಬ್ಬ ಕಂಪ್ಯೂಟರಿನಲ್ಲಿ ತೂರಿಸಿದರೆ ಏನೆನ್ನುತ್ತಾರೋ ಗೊತ್ತಿಲ್ಲ.

ಮೌಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ನಮ್ಮದು ರಕ್ತಸಂಬಂಧವೇನಲ್ಲ. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದವರು, ನಮ್ಮ ಮೇಲಿನ ಮಹಡಿಯವರು. ವಾರವಿಡೀ ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ, ರಜೆಯ ದಿನ ರಾಕ್ಷಸರ ಸಹವಾಸ. ಹೀಗೆಯೇ ಐದು ಮಾಯಾಲೋಕದ ಕಾದಂಬರಿಗಳನ್ನು ಬರೆದರು. ಲೋಣಾವಳಾ ಘಾಟಿನ ಮಂಜು ಅವರ ಪುಸ್ತಕದಲ್ಲಿ ಒಂದು ರಾಜ್ಯ. ಅದರ ಗಡಿ ಕಾಯುವ ದೈತ್ಯ ನಮ್ಮ ಸೊಸೈಟಿಯ ವಾಚ್‌ಮನ್‌ನಂತೆ ಎಲ್ಲರ ಹೆಸರನ್ನೂ ಬರೆಸಿಕೊಂಡೇ ಒಳಗೆ ಬಿಡುತ್ತಾನೆ. ಯಾವ ಸೈನ್ಯವೂ ಊಟ ಮಾಡದೆ ಯುದ್ಧಕ್ಕೆ ಹೊರಡುವುದಿಲ್ಲ. ಮುಖ್ಯವಾಗಿ, ಅಲ್ಲಿ ಯಾರೂ ಪೂರ್ತಿ ಸಾಯುವುದಿಲ್ಲ. ಸತ್ತವರು ಎರಡು ಅಧ್ಯಾಯದೊಳಗೆ ಹಂಸವಾಗಿ, ಹೊಗೆಯಾಗಿ, ಒಮ್ಮೆಯಂತೂ ಉಪ್ಪಿನಕಾಯಿಯ ಭರಣಿಯಾಗಿ ಮರಳುತ್ತಾರೆ. ಕನ್ನಡಿಗರ ಕೂಟಗಳಲ್ಲಿ ಅವರ ಎದುರೇ ಈ ಶೈಲಿಯನ್ನು ಅಣಕಿಸಿ ನಾನು ಎಲ್ಲರನ್ನೂ ನಗಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಮೌಶಿಯ ಯಜಮಾನರು.

ಹೋದ ವರ್ಷ ಅವರು ತೀರಿಕೊಂಡರು. ಅದೇ ಹೊತ್ತಿಗೆ ಮೌಶಿಯ ಕಣ್ಣು ಅಕ್ಷರ ಹಿಡಿಯದಾಯಿತು. ಆರನೆಯ ಕಾದಂಬರಿಯನ್ನು ಅವರು ಹೇಳುತ್ತ ಹೋದರು, ನಾನು ಟೈಪು ಮಾಡಿದೆ. ಹೇಳುವಾಗ ಅವರ ಕೈ ಮೆಂತ್ಯದ ಸೊಪ್ಪು ಬಿಡಿಸುತ್ತಿರಬೇಕು. ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ, ವಾಕ್ಯ ನನ್ನ ಕಡೆ. ಅಂಬಿಗನೊಬ್ಬ ಪ್ರವಾಹಕ್ಕೆ ಸಿಕ್ಕ ಅಧ್ಯಾಯದ ಕೊನೆಗೆ ಇಷ್ಟೇ ಹೇಳಿದರು: 'ದೋಣಿ ಬಂತು. ಅವನು ಬರಲಿಲ್ಲ.'

ಪುಸ್ತಕದ ಕೊನೆಯವರೆಗೂ ಕಾದೆ. ಹಂಸವಿಲ್ಲ, ಹೊಗೆಯೂ ಇಲ್ಲ. ಪಾಪ, ದುಃಖದಲ್ಲಿ ಮರೆತಿರಬೇಕು ಎಂದುಕೊಂಡು ಅವರದೇ ದನಿಯಲ್ಲಿ ನಾನೇ ಸೇರಿಸಿಬಿಟ್ಟೆ: 'ಆದರೆ ನದಿ ಯಾರನ್ನೂ ಪೂರ್ತಿ ಒಯ್ಯುವುದಿಲ್ಲ.' ಕರಡನ್ನು ಅವರಿಗೆ ಓದಿ ಹೇಳುವಾಗ ಅಷ್ಟನ್ನು ಮಾತ್ರ ನುಂಗಿಕೊಂಡೆ.

ಪುಸ್ತಕ ಬಂತು, ಪತ್ರಗಳೂ ಬಂದವು. ಅವನ್ನು ಓದಿ ಹೇಳುವ ಕೆಲಸವೂ ನನ್ನದೇ. ಅಂಬಿಗ ಯಾವಾಗ ಬರುತ್ತಾನೆ ಎಂದು ಕೇಳಿದವರ ಕಾಗದಗಳನ್ನು ಅಡಗಿಸುತ್ತ ಹೋದೆ. ಕೊನೆಗೆ ಶಿರೂರಿನಿಂದ ಒಂದು ಬಂತು. ಮಗನನ್ನು ಕಳೆದುಕೊಂಡ ತಾಯಿಯದು. ಆ ಸಾಲನ್ನು ಬರೆದು ಗೋಡೆಗೆ ಅಂಟಿಸಿಕೊಂಡಿದ್ದೇನೆ, ಮುಂದಿನ ಪುಸ್ತಕದಲ್ಲಿ ಅವನನ್ನು ಕರೆತಂದೇ ತರುತ್ತೀರಲ್ಲ ಎಂದು ಕೇಳಿದ್ದರು. ಯಾರ ದನಿಯನ್ನಾದರೂ ಹಿಡಿಯಬಲ್ಲೆ ಎಂದು ಮೆರೆಯುತ್ತಿದ್ದ ನನಗೆ ಆ ತಾಯಿಗೆ ಉತ್ತರ ಬರೆಯಲು ಯಾವ ದನಿಯೂ ಸಿಗಲಿಲ್ಲ.

ಮೇಲೆ ಹೋಗಿ ಕಾಗದ ಓದಿದೆ, ಸಾಲನ್ನೂ ಓದಿದೆ, ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಅಷ್ಟಕ್ಕೆ ಸುಮ್ಮನಿರಬಾರದೇ? ಥೇಟ್ ನಿಮ್ಮ ಹಾಗೇ ಇದೆಯಲ್ಲ ಮೌಶಿ, ಯಾರಿಗೂ ಅನುಮಾನವೇ ಬರಲಿಲ್ಲ ಎಂದು ಸಮಜಾಯಿಷಿಯನ್ನೂ ಕೊಟ್ಟೆ. ಮೌಶಿಯ ಕೈ ಸೊಪ್ಪಿನ ಮೇಲೆ ನಿಂತಿತು.

"ನನ್ನಂಗ ಬರದೀಯಪಾ, ಭಾಳ ಚಲೋ ಬರದಿ. ಆದ್ರ ಹಂಗ ಬರಿಯೂದನ್ನ ನಾ ಇವ್ರು ಹೋದ ದಿನಾನ ಬಿಟ್ಟೀನಿ."